ಖರ್ಚಿನ ಪಟ್ಟಿಯಲ್ಲಿ ಅಳಿಯ

ದೀಪಾವಳಿಗೆ ಇನ್ನು ನಾಲ್ಕೇ ದಿನ ಇದ್ದಾಗ ನನಗೊಂದು ಕಾಗದ ಬಂತು. ಈ ಅಂಕಣವನ್ನು ಓದಿ, ಮೆಚ್ಚಿ, ಅದರಲ್ಲಿ ಹೇಳಿದಂತೆಯೇ ನಡೆಯಲು ತೀರ್ಮಾನಿಸಿದ ಓದುಗರೊಬ್ಬರ ಕಾಗದ.

ನನಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷದಿಂದ ಬರೆಯುತ್ತಿದ್ದೇನೆ, ನನ್ನ ಮಾತು ಕೇಳಿದವರು ಯಾರಿದ್ದಾರೆ? (ಮನೆಯಲ್ಲಂತೂ ಇಲ್ಲ. ಅದು ನಿಮಗೂ ಗೊತ್ತು.) ಕೊನೆಗೂ ಒಬ್ಬರು ಸಿಕ್ಕರು ಎಂದುಕೊಂಡು ಕೆಳಗೆ ಸಹಿ ನೋಡಿದೆ.

ನನ್ನ ಬೀಗರು!

ಸ್ವಲ್ಪ ಹಿಂದಿನಿಂದ ಹೇಳಬೇಕು. ಈ ವೈಶಾಖದಲ್ಲಿ ನನ್ನ ಮಗಳು ಸಾವಿತ್ರಿಯನ್ನು ಹುಣಸಮಾರನಹಳ್ಳಿಗೆ ಕೊಟ್ಟೆ. ದ್ರಾಕ್ಷಿ ತೋಟದ ಮನೆ. ಅಳಿಯ ಮುನಿರಾಜುವಿಗೆ ಮಾತು ಕಡಿಮೆ, ಕೆಲಸ ಜಾಸ್ತಿ. ಮದುವೆಯಾದ ಮೇಲೆ ಬರುವ ಮೊದಲ ದೀಪಾವಳಿ ಹೆಣ್ಣಿನ ತವರಲ್ಲೇ ಆಗಬೇಕು. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಅತ್ತೆ ತಲೆಗೆ ಎಣ್ಣೆ ಒತ್ತಿ, ಆರತಿ ಎತ್ತಿ, ಹೊಸ ಬಟ್ಟೆ ಕೊಡಬೇಕು. ಬಟ್ಟೆಗೇ ನಿಲ್ಲುತ್ತದೆಯೇ? ಈಗೀಗ ವಾಚು, ಉಂಗುರ, ಪ್ಯಾಂಟ್ ಪೀಸು, ಕೆಲವು ಕಡೆ ಸೈಕಲ್ಲು!

ಆ ಕಾಗದ ಬರುವ ಮೂರು ವಾರ ಮೊದಲು ಇದೇ ಜಾಗದಲ್ಲಿ ನಾನು ಹಬ್ಬದ ಖರ್ಚಿನ ಬಗ್ಗೆ ಬರೆದಿದ್ದೆ. ನೆನಪಿದೆಯೇ? ಪಟಾಕಿ ಕಡಿಮೆ ಮಾಡಿ, ಗೌರಿಗೊಂದು ದಸರೆಗೊಂದು ಸೀರೆ ಬೇಡ ಎಂದೆಲ್ಲ ಉಪದೇಶ ಮಾಡಿ, ಕೊನೆಯಲ್ಲಿ ಒಂದು ಒಗ್ಗರಣೆಯನ್ನೂ ಹಾಕಿದ್ದೆ: ‘ಹೊಸ ಅಳಿಯನ ದೀಪಾವಳಿಯನ್ನು ಒಂದು ವರ್ಷ ಮುಂದಕ್ಕೆ ಹಾಕಿದರೆ ಯಾರಪ್ಪನ ಗಂಟು ಹೋಗುತ್ತದೆ?’

ಬರೆದು ನಾನೇ ನಕ್ಕಿದ್ದೆ. ಆಗ ನಮ್ಮ ಮನೆಯ ನೆನಪೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದೇ ದಿನ ವಾಚಿನ ಅಂಗಡಿಗೆ ಹೋಗಿ, ರೇಟು ಕೇಳಿ, ಬೆವರು ಒರೆಸಿಕೊಂಡು ಬಂದಿದ್ದೆ. ಆ ಸಿಟ್ಟು ಪೆನ್ನಿಗೆ ಇಳಿದಿತ್ತು. ಆದರೆ ಈ ಪೇಪರು ಹುಣಸಮಾರನಹಳ್ಳಿಗೂ ಹೋಗುತ್ತದೆ ಅನ್ನುವುದು ಹೊಳೆಯಬೇಕಿತ್ತಲ್ಲ? ಹೊಳೆಯಲಿಲ್ಲ.

ಬೀಗರು ಪಿಳ್ಳಪ್ಪನವರು ಬರೆದಿದ್ದರು: ‘ತಾವು ಬರೆದದ್ದು ಲಕ್ಷಕ್ಕೊಂದು ಮಾತು. ತಮಗೆ ತೊಂದರೆ ಕೊಡುವುದು ನಮಗೂ ಸರಿ ಕಾಣಲಿಲ್ಲ. ಈ ಸಲ ಮಕ್ಕಳು ಇಲ್ಲೇ ಹಬ್ಬ ಮಾಡುತ್ತಾರೆ. ತಾವು ನಿಶ್ಚಿಂತೆಯಿಂದ ಇರಬೇಕು.’

ವ್ಯಂಗ್ಯ ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಎರಡು ಸಲ ಓದಿ ಹುಡುಕಿದೆ. ಒಂದಕ್ಷರವೂ ಇರಲಿಲ್ಲ.

ನನ್ನ ಹೆಂಡತಿ ಹಿತ್ತಲಲ್ಲಿ ಕಜ್ಜಾಯಕ್ಕೆ ಅಕ್ಕಿ ಕುಟ್ಟುತ್ತಿದ್ದಳು. ಕಾಗದ ಓದಿ ಹೇಳಿದೆ. ಒನಕೆ ನಿಂತಿತು.

“ಬರೆಯೋಕೆ ನಿಮಗೆ ಬೇರೆ ಏನೂ ಸಿಗ್ಲಿಲ್ವಾ? ನಮ್ಮ ಬೀದಿ ದೀಪ ಎರಡು ತಿಂಗಳಿಂದ ಉರೀತಿಲ್ಲ. ಅದನ್ನ ಬರೀಬಾರದಾಗಿತ್ತಾ?”

ಅಷ್ಟು ಹೇಳಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಾವಿತ್ರಿಯನ್ನು ಕಳಿಸಿಕೊಟ್ಟ ದಿನ ಅತ್ತವಳು, ಆಮೇಲೆ ಅತ್ತದ್ದು ಅವತ್ತೇ. ಆರು ತಿಂಗಳಿಂದ ಅವಳು ದಿನ ಎಣಿಸಿದ್ದು ಮಗಳು ಬರುವ ಈ ಹಬ್ಬಕ್ಕೆ. ಅದನ್ನು ನಾನು ಒಂದು ಸಾಲಿನ ತಮಾಷೆಗೆ ಕಳೆದಿದ್ದೆ. ಸಂಕಟವಾಯಿತು.

ಮಾರನೆಯ ಬೆಳಿಗ್ಗೆಯೇ ನಮ್ಮ ಯಶವಂತಪುರದಿಂದ ಹೊರಟೆ. ಹೆಬ್ಬಾಳದಲ್ಲಿ ಇಳಿದು ಬಳ್ಳಾರಿ ರಸ್ತೆಯ ಬಸ್ಸು ಹಿಡಿದೆ. ಕೆರೆ ತುಂಬಿತ್ತು, ನೋಡುವ ಮನಸ್ಸಿರಲಿಲ್ಲ. ಬ್ಯಾಟರಾಯನಪುರದಲ್ಲಿ ಹತ್ತಿದ ಹೆಂಗಸೊಬ್ಬಳು ಚೆಂಡುಹೂವಿನ ಕುಕ್ಕೆಯನ್ನು ನನ್ನ ಕಾಲ ಮೇಲೇ ಇಟ್ಟಳು. ಅದಕ್ಕೂ ನಾನು ಜಗಳ ಆಡಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತನ್ನು ಪಾಠ ಮಾಡಿಕೊಳ್ಳುತ್ತಿದ್ದೆ: ‘ನಾನು ಬರೆದದ್ದು ಓದುಗರಿಗೆ, ನಿಮಗಲ್ಲ.’

(ಓದುಗರೇ, ಈ ಮಾತು ನಿಮಗೆ ಹೇಗೆ ಕೇಳಿಸುತ್ತದೆ ಅಂತ ಆಗ ಯೋಚಿಸಿರಲಿಲ್ಲ. ಕ್ಷಮಿಸಿ.)

ಹುಣಸಮಾರನಹಳ್ಳಿ ಮುಟ್ಟಿದಾಗ ಗಂಡಸರು ತೋಟದಲ್ಲಿ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದರು. ಜಗಲಿಯಲ್ಲಿ ಸಿಕ್ಕವರು ಬೀಗಿತ್ತಿ.

“ಬನ್ನಿ ಬೀಗ್ರೇ, ಕುಂತ್ಕಳಿ. ಅಬ್ಬ ಅತ್ರ ಬಂದೈತೆ, ಇಂಗೆ ಓಡಿ ಬಂದಿದ್ದೀರಲ್ಲ, ಎಲ್ಲಾ ಸಂದಾಕವ್ರ?”

ಪಾಠ ಮಾಡಿಕೊಂಡದ್ದು ಮರೆತುಹೋಯಿತು. “ಆ ಪೇಪರ್ ವಿಚಾರ...” ಎಂದೆ.

“ಅದಾ? ವಾರವಾರ ನಿಮ್ಮ ಮಗಳೇ ಓದಿ ಯೋಳ್ತಾಳೆ. ನಂಗೆಲ್ಲಿ ಓದಾಕ್ ಬರ್ತದೆ? ನಮ್ಮಪ್ಪ ಬರೆದವ್ನೆ ಅಂತ ಎಲ್ಲಾರ್ನೂ ಕೂರಿಸ್ಕಂಡು ಓದ್ತಾಳೆ. ಅವತ್ತು ಅಳಿಯನ ಮಾತು ಬಂತಾ, ಸೊಸೆ ದನಿ ಇಳಿಸ್ಬಿಡ್ತು. ಕೇಳಾಕಿಲ್ಲ, ಜೋರಾಗಿ ಓದವ್ವ ಅಂದೆ ನಾನು. ಓದ್ತು, ಪೂರ್ತಿ ಓದ್ತು. ಆಮೇಲೆ, ಅತ್ತೆ ಈ ಸಲ ನಾವ್ ಓಗೋದ್ ಬ್ಯಾಡ, ಅಪ್ಪಂಗೆ ಕಷ್ಟ ಆಯ್ತದೆ ಅಂತು. ಅದ್ಕೇ ಕಾಗ್ದ ಬರ್ಸಿದ್ವಿ.”

ಅಂದರೆ ಬರುವುದು ಬೇಡ ಎಂದವಳು ನನ್ನ ಮಗಳೇ.

ಹೊಸದಾಗಿ ಹೋದ ಮನೆ. ಗಂಡ ಎದುರಿಗೆ, ಅತ್ತೆ ಮಾವ ಪಕ್ಕಕ್ಕೆ. ಅಪ್ಪನ ಮೇಲಿನ ಅಭಿಮಾನಕ್ಕೆ ಎಲ್ಲರನ್ನೂ ಕೂರಿಸಿಕೊಂಡವಳು, ಆ ಸಾಲನ್ನು ಅಷ್ಟು ಜನರ ಮುಂದೆ ಎರಡನೆಯ ಸಲ ಜೋರಾಗಿ ಓದಿದ್ದಳು. ಅದನ್ನು ನೆನೆಸಿಕೊಂಡರೆ ಈಗಲೂ ನನಗೆ ಮುಖ ಮುಚ್ಚಿಕೊಳ್ಳಬೇಕು ಅನಿಸುತ್ತದೆ.

ಸಾವಿತ್ರಿ ಕಾಫಿ ತಂದಳು. ಸ್ವಲ್ಪ ಇಳಿದುಹೋಗಿದ್ದಳು. “ಅಪ್ಪ, ನೀನು ಬರೆದಿದ್ದು ಸರಿಯಾಗೇ ಇದೆ,” ಎಂದಳು. “ನನಗೆ ಒಂದು ಮಾತು ಮೊದಲೇ ಹೇಳಿದ್ದಿದ್ರೆ ಆ ವಾರ ಪೇಪರ್ ಬರ್ಲಿಲ್ಲ ಅಂತಿದ್ದೆ.”

ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದೆ.

ಅಷ್ಟರಲ್ಲಿ ಬೀಗರೂ ಅಳಿಯನೂ ಬಂದರು. ನಾನು ಎದ್ದು ನಿಂತು ಕೈ ಮುಗಿದೆ. “ಬೀಗ್ರೇ, ತಪ್ಪಾಯ್ತು. ಪೇಪರಲ್ಲಿ ಬರೆಯೋನು ಬೇರೆ, ಇವಳ ಅಪ್ಪ ಬೇರೆ ಅಂತ ತಿಳ್ಕೊಳ್ಳಿ. ಮಕ್ಕಳನ್ನ ಕಳಿಸಿಕೊಡಿ.”

“ಬ್ಯಾರೆ ಎಂಗಾಯ್ತಾರೆ?” ಬೀಗಿತ್ತಿ ನಕ್ಕರು. “ಇಬ್ರೂ ಒಂದೇ ಲೋಟದಾಗೆ ಕಾಪಿ ಕುಡೀತಾವ್ರಲ್ಲ!”

ಎಲ್ಲರೂ ನಕ್ಕರು. ಪಿಳ್ಳಪ್ಪನವರು ನನ್ನ ಕೈ ಹಿಡಿದು ಕೂರಿಸಿದರು. ಮುನಿರಾಜು ಮಾತ್ರ ನೆಲ ನೋಡುತ್ತಾ ಹೇಳಿದ: “ಮಾವ, ವಾಚು ಗೀಚು ಬ್ಯಾಡ. ವಾಚ್ ಕಟ್ಕಂಡು ಬಳ್ಳಿ ಸವರೋಕಾಯ್ತದಾ? ಅತ್ತೆ ಎಣ್ಣೆ ಒತ್ತಿದ್ರೆ ಸಾಕು. ಇವ್ಳು ಮೂರ್ ವಾರದಿಂದ ಸರಿಯಾಗಿ ಉಂಡಿಲ್ಲ.”

ಮದುವೆಯಾದಾಗಿನಿಂದ ಅವನು ನನ್ನ ಹತ್ತಿರ ಆಡಿದ ಅತಿ ದೊಡ್ಡ ಭಾಷಣ ಅದೇ.

ಹಬ್ಬದ ಖರ್ಚು ಕಡಿಮೆ ಮಾಡಿ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ನಾವು ಕತ್ತರಿ ಹಿಡಿದಾಗ ಮೊದಲು ಕೈ ಹೋಗುವುದು ಎಲ್ಲಿಗೆ? ಎದುರುಮನೆಯವರು ಏನಂದುಕೊಂಡಾರು ಎಂದು ತರುವ ಪಟಾಕಿ ಉಳಿಯುತ್ತದೆ. ಬೀದಿಗೆ ಕಾಣಲಿ ಎಂದು ಕೊಡುವ ವಾಚು ಉಳಿಯುತ್ತದೆ. ವಾಚು ಕೊಡಲಾಗದ ನಾಚಿಕೆಗೆ ನಾನು ಮಗಳು ಬರುವುದನ್ನೇ ಹೊಡೆದುಹಾಕಿದ್ದೆ. ಅಳಿಯ ವಾಚು ಬೇಕೆಂದು ಕೇಳಿದ್ದನೇ? ನಾನಾದರೂ ಅವನನ್ನು ಒಂದು ಮಾತು ಕೇಳಿದ್ದೆನೇ?

ಮಕ್ಕಳು ಬಂದರು. ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಹಾಗಲಬಳ್ಳಿ ಸುತ್ತಿದವಳು ಸಾವಿತ್ರಿಯೇ. ಬೆಳಗಿನ ಜಾವ ನನ್ನ ಹೆಂಡತಿ ಅಳಿಯನ ತಲೆಗೆ ಹರಳೆಣ್ಣೆ ಒತ್ತಿದಳು. ಎಷ್ಟು ಒತ್ತಿದಳೆಂದರೆ ಅವನು ಕಣ್ಣು ಬಿಡಲಾರದೆ ಗೋಡೆ ತಡವಿಕೊಂಡು ಬಚ್ಚಲಿಗೆ ಹೋದ. ಒಂದು ಜೊತೆ ಪಂಚೆ, ಒಂದು ಸೀರೆ, ಬುಟ್ಟಿ ತುಂಬ ಕಜ್ಜಾಯ. ಪಟಾಕಿ ತರಲಿಲ್ಲ. ಎದುರುಮನೆಯ ಪಟಾಕಿಯ ಸದ್ದು ನಮಗೂ ಬಿಟ್ಟಿಯಾಗಿ ಕೇಳಿಸಿತು.

ಎರಡು ದಿನ ನನ್ನ ಹೆಂಡತಿ ಮಗಳನ್ನು ಪಕ್ಕದಿಂದ ಏಳಗೊಡಲಿಲ್ಲ. ನಾನು ಆಗಾಗ ಸುಮ್ಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಸಂತೋಷವಾಗುತ್ತಿತ್ತು.

ಬಸ್ಸು ಹತ್ತುವಾಗ ಸಾವಿತ್ರಿ, “ಈ ವಾರ ಏನ್ ಬರೀತೀಯಪ್ಪ? ಮೊದಲೇ ಹೇಳ್ಬಿಡು,” ಎಂದಳು. ಬಸ್ಸು ಹೊರಟಿತು, ಹೇಳಲಾಗಲಿಲ್ಲ.

ಪೇಪರು ಹುಣಸಮಾರನಹಳ್ಳಿಗೆ ಹೋಗುತ್ತದೆ. ಜಗಲಿಯ ಮೇಲೆ ಎಲ್ಲರೂ ಕೂತಿರುತ್ತಾರೆ. ಆದ್ದರಿಂದ ಮಿಕ್ಕ ಓದುಗರು ಬೇಜಾರು ಮಾಡಿಕೊಳ್ಳಬಾರದು, ಈ ವಾರದ ಕೊನೆಯ ಸಾಲು ಒಬ್ಬಳಿಗೆ ಮಾತ್ರ.

ಸಾವಿತ್ರಿ, ಇಲ್ಲಿ ದನಿ ಇಳಿಸದೆ ಓದಮ್ಮ: ಯುಗಾದಿಗೂ ಬರ್ತೀರಿ ತಾನೇ?