ಮೂತಿ ಇಲ್ಲದ ಗಾಡಿ

ಅವನ ಎರಡು ಕೈ ಒಬ್ಬನವೇ ಅಂದರೆ ನಂಬುವ ಹಾಗಿರಲಿಲ್ಲ. ಎಡಗೈ ನಮ್ಮ ನಿಮ್ಮ ಹಾಗೆ ಗೋಧಿ ಬಣ್ಣ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಸುಟ್ಟ ಬದನೆಕಾಯಿ. ಇಪ್ಪತ್ತು ವರ್ಷ ಕಾರಿನ ಕಿಟಕಿಗೆ ಆನಿಸಿ ಬಿಸಿಲಿಗೆ ಕೊಟ್ಟಿದ್ದ ಕೈ ಅದು. ಮದುವೆ ಮನೆಯ ಪಂಕ್ತಿಯಲ್ಲಿ ಬಿಳಿ ಅನ್ನದ ಮೇಲೆ ಆ ಕರಿ ಕೈ ಬಂದರೆ ಎದುರು ಕೂತ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಅವನೂ ನಗುತ್ತಿದ್ದ. "ಇದು ಕಾರಿಗೆ ಕೊಟ್ಟಿದ್ದು, ಇದು ಎಂಡ್ರಿಗೆ ಕೊಟ್ಟಿದ್ದು" ಅಂತ ಎರಡೂ ಕೈ ಎತ್ತಿ ತೋರಿಸುತ್ತಿದ್ದ.

ಕೆ.ಆರ್. ಪೇಟೆಯಿಂದ ಹೊಸಹೊಳಲಿನ ಕಡೆ ಹೋಗುವಾಗ ಒಳಗಡೆ ಸಿಗುತ್ತದೆ ನಮ್ಮೂರು. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಊರಿನಲ್ಲಿ ಬಾಡಿಗೆ ಕಾರು ಇದ್ದದ್ದು ಅವನೊಬ್ಬನ ಹತ್ತಿರ, ಅದಕ್ಕೆ ಎಲ್ಲರಿಗೂ ಅವನು ಕಾರಿನವನು. ನನಗಿಂತ ಐದಾರು ವರ್ಷ ಚಿಕ್ಕವನು. ಅವನು ಅಕ್ಕ ಅನ್ನುತ್ತಿದ್ದ, ನಾನು ಲೇ ಅನ್ನುತ್ತಿದ್ದೆ. ನನ್ನ ಬಾಯಿ ಮೊದಲಿನಿಂದ ಹಾಗೇ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಚಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಅವನದು ಅಂಬಾಸಿಡರ್ ಕಾರು. ಮುಂದೆ ಉದ್ದ ಮೂತಿ, ಹಿಂದೆ ಡಿಕ್ಕಿ, ನಡುವೆ ಮನುಷ್ಯರು. ಕಾರು ಅಂದರೆ ಹೀಗೇ ಇರಬೇಕು ಅಂತ ಅವನ ಹಟ. ಮಿಕ್ಕ ಗಾಡಿಗಳನ್ನು ಕಂಡರೆ ಅವನ ನಾಲಿಗೆ ಸುಮ್ಮನಿರುತ್ತಿರಲಿಲ್ಲ. ಜೀಪು ಹತ್ತಿದ ಗಂಡಸರು ಸುಮ್ಮಸುಮ್ಮನೆ ಮೀಸೆ ತೀಡುತ್ತಾರೆ ಅನ್ನುತ್ತಿದ್ದ. ಒಂದು ಸಲ ಊರಿನ ಬೀಗರೊಬ್ಬರು ಹೊಸ ಸಣ್ಣ ಕಾರಿನಲ್ಲಿ ಬಂದಿಳಿದರು, ಡಿಕ್ಕಿ ಇಲ್ಲದೆ ಹಿಂದೆ ಕತ್ತರಿಸಿದ ಹಾಗೆ ಇರುತ್ತದಲ್ಲ, ಅಂಥದ್ದು. ಇವನು ಅದರ ಸುತ್ತ ಒಂದು ಸುತ್ತು ಬಂದು, ಕೈ ಮುಗಿದು, "ಇದ್ರ ಇಂದ್ಗಡೆ ಎಲ್ಲಿ ಬುಟ್ಟು ಬಂದ್ರಿ ಸ್ವಾಮಿ? ದಾರೀಲಿ ಬಿದ್ದೋಗಿದ್ರೆ ಏಳಿ, ತಂದ್ಕೊಡ್ತೀನಿ" ಅಂದ. ಬೀಗರು ಊಟ ಮಾಡದೆ ಹೊರಟರು.

ಎಲ್ಲಕ್ಕಿಂತ ಹೆಚ್ಚು ಅವನು ಉರಿದು ಬೀಳುತ್ತಿದ್ದದ್ದು ವ್ಯಾನಿನ ಮೇಲೆ. ಮೂತಿ ಇಲ್ಲದ ಗಾಡಿ ಅಂತಲೇ ಅದಕ್ಕೆ ಅವನಿಟ್ಟ ಹೆಸರು.

ನನಗೆ ವ್ಯಾನೇ ಇಷ್ಟ. ಮುಚ್ಚುಮರೆ ಏನಿದೆ. ಅವನ ಕಾರು ಹತ್ತಬೇಕಾದರೆ ತಲೆ ಬಗ್ಗಿಸಿ, ಸೊಂಟ ತಿರುಗಿಸಿ, ಸೀರೆ ನೆರಿಗೆ ಎಳೆದುಕೊಂಡು ಕೋಳಿ ಗೂಡಿಗೆ ನುಗ್ಗಿದ ಹಾಗೆ ನುಗ್ಗಬೇಕು. ವ್ಯಾನಾದರೆ ಬಾಗಿಲು ಪಕ್ಕಕ್ಕೆ ಜರುಗುತ್ತದೆ, ಹತ್ತಿ ಕೂತರಾಯಿತು. ಮುಂದೆ ಕೂತರೆ ದಾರಿ ಪೂರಾ ಕಾಣುತ್ತದೆ. ಹೀಗಂತ ಅವನ ಮುಖಕ್ಕೇ ಹೇಳಿದ್ದೆ.

"ದಾರಿ ಕಾಣ್ತದೆ ಅಂದ್ರೆ ಏನರ್ಥ ಏಳು? ದಾರೀಲಿರೋದೆಲ್ಲ ಮಖಕ್ಕೆ ಬತ್ತದೆ ಅಂತ" ಅಂದ. "ನೋಡಕ್ಕ, ಏಟು ಬಿದ್ರೆ ಮೊದ್ಲು ಮೂತಿ ತಿನ್ಬೇಕು. ಆಮೇಲೆ ಮನ್ಸ."

"ನಿಂಗೆ ಮೂತಿ ಉದ್ದ ಐತಲ್ಲ, ಅದ್ಕೆ ಉದ್ದ ಮೂತಿ ಗಾಡೀನೇ ಬೇಕು" ಅಂದೆ. ಗೋಡೆಯಾಚೆ ಅವನ ಹೆಂಡತಿ ಬಿದ್ದು ಬಿದ್ದು ನಕ್ಕಳು. ವರ್ಷಗಟ್ಟಲೆ ಈ ಜಗಳ ನಡೆಯಿತು. ಅದು ತಮಾಷೆಯ ಜಗಳ ಅಂತಲೇ ನಾನು ತಿಳಿದಿದ್ದೆ.

ತೊಂಬತ್ತೈದೋ ತೊಂಬತ್ತಾರೋ ಇರಬೇಕು, ಕಬ್ಬು ಕಡಿಯುವ ಕಾಲ. ನನ್ನ ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಳು. ಬೆಳಿಗ್ಗೆ ಒಲೆ ಮುಂದೆ ನಿಂತಿದ್ದವಳಿಗೆ ನೀರು ಒಡೆಯಿತು. ಹೇಳಿದ ದಿನಕ್ಕೆ ಇನ್ನೂ ಮೂರು ವಾರ ಇತ್ತು. ಊರಿನ ಆಸ್ಪತ್ರೆಯ ನರ್ಸಮ್ಮ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಮುಟ್ಟುತ್ತಿದ್ದ ಹಾಗೇ ಅವಳ ಮುಖ ಸಣ್ಣದಾಯಿತು.

"ಮಗು ಅಡ್ಡ ಇದೆ ಅಮ್ಮ. ಇಲ್ಲಿ ಆಗೋದಿಲ್ಲ. ಮೈಸೂರಿಗೆ ಕರ್ಕೊಂಡು ಹೋಗಿ, ಈಗಲೇ. ಕೂರಿಸಬೇಡಿ. ಮಲಗಿಸಿಕೊಂಡೇ ಹೋಗಬೇಕು."

ನಾನು ಗೋಡೆ ಹತ್ತಿರ ಹೋಗಿ ಕೂಗುವ ಮೊದಲೇ ಕಾರಿನವನು ಕಾರನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸಿದ್ದ. ಹಿಂದಿನ ಸೀಟಿನ ಮೇಲೆ ಜಮಖಾನ ಹಾಸಿದ್ದ. ನಾನು ಬಗ್ಗಿ ನೋಡಿದೆ. ನನ್ನ ಮಗಳು ಅವರಪ್ಪನ ಹಾಗೆ ಉದ್ದ. ಆ ಸೀಟಿನಲ್ಲಿ ಮಲಗಿದರೆ ಮಂಡಿ ಹೊಟ್ಟೆಗೆ ಬರುತ್ತದೆ.

"ಇದ್ರಲ್ಲಾಗಕಿಲ್ಲ" ಅಂದೆ. "ಸೆಕ್ರೆಟ್ರಿ ವ್ಯಾನ್ ತಕೊಂಬಾ."

ಹಾಲಿನ ಡೈರಿ ಸೆಕ್ರೆಟರಿ ಹದಿನೈದು ದಿನದ ಹಿಂದೆ ಹೊಸ ವ್ಯಾನು ತಂದಿದ್ದ. ಸೀಟಿನ ಮೇಲಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ.

"ಅದು ಬ್ಯಾಡ ಕಣಕ್ಕ" ಅಂದ ಕಾರಿನವನು. "ಕಬ್ಬಿನ್ ಕಾಲ. ಫ್ಯಾಕ್ಟ್ರಿ ರಸ್ತೇಲಿ ಗಾಡಿ ಸಾಲು ನಿಂತಿರ್ತವೆ. ನನ್ ಕಾರು ತೊಟ್ಲು ಇದ್ದಂಗೆ ಐತೆ, ಅದ್ರಲ್ಲೇ ಮೆಲ್ಲಗೆ ಓಗುಮಾ."

"ಮೆಲ್ಲಗೆ ಓಗಕೆ ಇದೇನು ದಿಬ್ಬಣವಾ? ನಿನ್ ಕಾರಿನ ಜಂಬಕ್ಕೆ ನನ್ ಮಗ್ಳ ಮಡಚ್ಬೇಕಾ?"

"ಜಂಬ ಅಲ್ಲ ಕಣಕ್ಕ."

"ಮತ್ತಿನ್ನೇನ್ಲಾ?"

ಒಳಗೆ ಮಗಳು ಕೂಗಿಕೊಂಡಳು. ನಾನು ಸೆಕ್ರೆಟರಿ ಮನೆಗೆ ಓಡಿದೆ. ಅವನಿಗೆ ಬೇರೆ ಚಿಂತೆ. "ಒಸಾ ಗಾಡಿ ಅತ್ತೆ, ದಾರೀಲೇ ಹೆರಿಗೆ ಆಗ್ಬುಟ್ರೆ ಗಾಡಿಗೆ ಪುರುಡು ಅಂಟ್ಕೊತದೆ" ಅಂದ. ಹೆರಿಗೆಯ ಮೈಲಿಗೆಗೆ ನಮ್ಮಲ್ಲಿ ಪುರುಡು ಅನ್ನುತ್ತಾರೆ. ಗಾಡಿಗೂ ಪುರುಡು ಲೆಕ್ಕ ಹಾಕುವವನನ್ನು ನಾನು ಅವತ್ತೇ ಕಂಡದ್ದು. "ನೀನು ಉಟ್ಟಿದ್ದು ನಿಮ್ಮ ಕೊಟ್ಟಿಗೇಲಿ ಕಣ್ಲಾ. ನಿಮ್ಮವ್ವನ ಕಾಲು ಹಿಡಿದಿದ್ದೋಳು ನಾನೇಯ. ಕೊಟ್ಟಿಗೆ ಬಿದ್ದೋಯ್ತಾ?" ಅಂದೆ. ಬೀಗದ ಕೈ ಕೊಟ್ಟ. ಓಡಿಸಲು ಅವನಿಗೆ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ಕಾರಿನವನೇ ಓಡಿಸಬೇಕಾಯಿತು. ಹಿಂದಿನ ಸೀಟು ಬಿಚ್ಚಿ ಕೆಳಗಿಟ್ಟ, ಹಾಸಿಗೆ ಹಾಕಿದ, ಮಗಳನ್ನು ಒಳಗೆ ಮಲಗಿಸಿದೆವು. ನರ್ಸಮ್ಮ ಅವಳ ಪಕ್ಕ ಕೂತಳು. ನಾನು ಮುಂದೆ, ಅವನ ಎಡಕ್ಕೆ.

ಚಿನಕುರಳಿ ದಾಟುವ ತನಕ ಸಲೀಸು. ಪಾಂಡವಪುರ ಹತ್ತಿರಾಗುತ್ತಿದ್ದ ಹಾಗೆ ಕಬ್ಬಿನ ಗಾಡಿಗಳು ಸಿಕ್ಕವು. ಎತ್ತಿನ ಗಾಡಿ ಒಂದರ ಹಿಂದೆ ಒಂದು, ಒಂದೊಂದರ ಹಿಂಭಾಗದಲ್ಲೂ ಕಬ್ಬಿನ ತುದಿಗಳು ಒಂದು ಮಾರು ಉದ್ದ ಈಚೆ ಚಾಚಿಕೊಂಡಿದ್ದವು. ಒಂದು ಕಡೆ ನಾಲೆ, ಇನ್ನೊಂದು ಕಡೆ ಗದ್ದೆ. ಎದುರಿಂದ ಬಸ್ಸು. ಕಾರಿನವನು ಪ್ರತಿ ಗಾಡಿಗೂ ಅಷ್ಟು ದೂರದಲ್ಲೇ ನಿಧಾನ ಮಾಡುತ್ತಿದ್ದ. ಜಾಗ ಸಿಕ್ಕರೂ ನುಗ್ಗುತ್ತಿರಲಿಲ್ಲ. ಹಿಂದೆ ಮಗಳು ನರಳುವುದು ಕೇಳುತ್ತಿತ್ತು. ಆಮೇಲೆ ನರಳುವುದೂ ಕಮ್ಮಿಯಾಯಿತು. ನನಗೆ ಭಯವಾದದ್ದು ಆಗಲೇ.

"ಬೇಗ ಹೋಗಲಿ ಅಮ್ಮ" ಅಂದಳು ನರ್ಸಮ್ಮ.

"ಏನ್ಲಾ, ಎಮ್ಮೆ ಹೊಡ್ಕೊಂಡು ಓಯ್ತಿದ್ದೀಯಾ? ಹಾರನ್ ಒಡೀ!"

"ಒಡೆದ್ರೆ ಎತ್ತು ಬೆದರ್ತವೆ."

"ಮತ್ತೆ ನುಗ್ಗು!"

ಅವನ ಎರಡು ಕೈಯೂ ಸ್ಟೇರಿಂಗಿನ ಮೇಲೇ ಇದ್ದವು. ಕರಿ ಕೈಯೂ, ಬಿಳಿ ಕೈಯೂ. ಅವನು ಹಿಂದೆ ಕೇಳಿಸದ ಹಾಗೆ ಹೇಳಿದ, "ನಾಗಮಂಗಲದೋನು ನನ್ ಜತೆಗಾರ ಒಬ್ಬ ಇದ್ದ ಕಣಕ್ಕ. ಟೆಂಪೊ ಓಡುಸ್ತಿದ್ದ, ಇಂಗೇ ಮೂತಿ ಇಲ್ದಿದ್ದು. ಕಬ್ಬಿನ್ ಗಾಡಿ ಇಂದೆ ಓಯ್ತಿದ್ದೊ. ಎತ್ತು ತಟ್ಟನೆ ನಿಂತ್ಕೊಬುಡ್ತು. ಅಷ್ಟೇಯ."

"ಅಷ್ಟೇಯ ಅಂದ್ರೆ?"

"ಕಬ್ಬು ಗಾಜು ಒಡ್ಕೊಂಡು ಒಳೀಕ್ ಬಂತು. ಅವನ ಎದೆಗೆ. ನಾನು ಪಕ್ಕದಲ್ಲೇ ಕುಂತಿದ್ದೆ."

ಬೇರೆ ಯಾರಾದರೂ ಆಗಿದ್ದರೆ ಸುಮ್ಮನಾಗುತ್ತಿದ್ದರು. ನಾನು ಆಗಲಿಲ್ಲ. "ಅವ್ನು ಸತ್ತ ಅಂತ ನನ್ ಮಗ್ಳೂ ಸಾಯ್ಬೇಕೇನ್ಲಾ?" ಅಂದೆ.

ಅವನು ಗಾಡಿ ನಿಲ್ಲಿಸಿದ. ನನ್ನ ಕಡೆ ತಿರುಗದೆ, "ಇಳಿ ಅಕ್ಕ. ಇಂದಕ್ಕೋಗು" ಅಂದ.

"ಇಂದೆ ಜಾಗ ಎಲ್ಲೈತೆ? ಟೇಮ್ ಆಯ್ತದೆ, ನಡೀ!"

"ನೀನು ಇಳಿಯೋಗಂಟ ಗಾಡಿ ಎತ್ತಕಿಲ್ಲ. ಆ ಸೀಟು ಖಾಲಿ ಇರ್ಲಿ."

ಅವನು ನನ್ನ ಮಾತು ಮೀರಿದ್ದು ಅದೊಂದೇ ಸಲ. ಬೈಯುತ್ತಾ ಇಳಿದೆ. ಬಾಗಿಲು ಜರುಗಿಸಿ ಮಗಳ ಕಾಲ ಬುಡದಲ್ಲಿ ಮುದುರಿ ಕೂತೆ. ಅವಳ ಪಾದ ನನ್ನ ಮಡಿಲಿಗೆ ಬಂತು. ತಣ್ಣಗಿತ್ತು.

ಆಮೇಲೆ ಅವನು ಓಡಿಸಿದ ರೀತಿಯೇ ಬೇರೆ. ಒಂದು ಗಾಡಿ ದಾಟಿದ, ಎರಡು ದಾಟಿದ, ಸಾಲಾಗಿ ಏಳೆಂಟು. ಪಾಂಡವಪುರ ಹಿಂದೆ ಬಿತ್ತು. ಕಿರಂಗೂರು ಇನ್ನೇನು ಬಂತು ಅನ್ನುವಾಗ, ಒಂದು ಗಾಡಿಯ ಬಲಕ್ಕೆ ನುಗ್ಗುತ್ತಿದ್ದ ಹಾಗೆ ಎದುರಿಂದ ಬಂದ ಬಸ್ಸು ಉದ್ದಕ್ಕೆ ಹಾರನ್ ಹೊಡೆಯಿತು. ಎತ್ತು ಬೆದರಿ ಎಡಕ್ಕೆ ಎಳೆದವು. ಗಾಡಿಯ ಹಿಂಭಾಗ ಬಲಕ್ಕೆ ತಿರುಗಿತು. ಪಟಾರ್ ಅಂತ ಒಂದು ಸದ್ದು. ನಾನು ಮಗಳ ಮೇಲೆ ಬಗ್ಗಿದೆ. ಬೆನ್ನ ಮೇಲೆ ಕಲ್ಲುಸಕ್ಕರೆ ಸುರಿದ ಹಾಗೆ ಗಾಜು ಸುರಿಯಿತು.

ಗಾಡಿ ನಿಲ್ಲಲಿಲ್ಲ. ತಲೆಯೆತ್ತಿದಾಗ ಮುಂದೆ ಗಾಜೇ ಇರಲಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನರ್ಸಮ್ಮ ಕಂಬಳಿ ಎಳೆದು ಮಗಳ ಮುಖ ಮುಚ್ಚಿದಳು. ಅವನು ಕಣ್ಣು ಕಿರಿದು ಮಾಡಿಕೊಂಡು, ಹಣೆಯ ಮೇಲೆ ಇಳಿಯುತ್ತಿದ್ದ ರಕ್ತವನ್ನು ತೋಳಿಗೆ ಒರೆಸಿಕೊಳ್ಳುತ್ತಾ ಓಡಿಸಿದ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಜನ ನಿಂತು ನೋಡಿದರು. ಮೈಸೂರಿನ ದೊಡ್ಡಾಸ್ಪತ್ರೆಯ ಬಾಗಿಲಿಗೇ ಹೋಗಿ ನಿಂತದ್ದು.

ಆಪರೇಷನ್ ಆಯಿತು. ಹೆಣ್ಣು ಮಗು. ಅಳಲು ಸ್ವಲ್ಪ ಹೊತ್ತು ಹಿಡಿಯಿತು, ಆಮೇಲೆ ನಿಲ್ಲಿಸಲೇ ಇಲ್ಲ. ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಈಚೆ ಬಂದು, "ಮಲಗಿಸಿಕೊಂಡು ಬಂದಿದ್ದು ಒಳ್ಳೇದಾಯ್ತು. ಕೂರಿಸಿಕೊಂಡು ಬಂದಿದ್ದರೆ ಮಗು ಉಳೀತಿರಲಿಲ್ಲ" ಅಂದರು.

ನಾನು ಕಾರಿನವನನ್ನು ಹುಡುಕಿಕೊಂಡು ಹೊರಗೆ ಬಂದೆ. ಅವನು ವ್ಯಾನಿನ ಎಡಗಡೆ ಬಾಗಿಲು ತೆರೆದು, ನಾನು ಕೂತಿದ್ದ ಸೀಟಿನಿಂದ ಗಾಜಿನ ಚೂರು ಆರಿಸುತ್ತಿದ್ದ. ಹಣೆಗೆ ಯಾರೋ ಹತ್ತಿ ಅಂಟಿಸಿದ್ದರು. ಸೀಟಿನ ಬೆನ್ನು, ಪ್ಲಾಸ್ಟಿಕ್ಕು ಸಮೇತ, ಮುಷ್ಟಿ ಹೋಗುವಷ್ಟು ಹರಿದು ಒಳಗಿನ ಸ್ಪಂಜು ಈಚೆ ಬಂದಿತ್ತು. ಒಳಗೆ ಕಬ್ಬಿನ ಸಿಬಿರು ಇನ್ನೂ ಸಿಕ್ಕಿಕೊಂಡಿತ್ತು. ನಾನು ಅಲ್ಲಿ ಕೂತಿದ್ದರೆ ಅದು ನನ್ನ ಎದೆಯ ಮಟ್ಟ. ನಾನು ನೋಡಿದ್ದನ್ನು ಅವನು ನೋಡಿದ. ಹೆಗಲ ಮೇಲಿನ ಟವೆಲ್ಲು ತೆಗೆದು ಆ ತೂತಿನ ಮೇಲೆ ಹಾಕಿದ.

"ಏನಾಯ್ತಕ್ಕ?"

"ಎಣ್ಣು."

"ಇಬ್ರೂ?"

"ಇಬ್ರೂ ಅವ್ರೆ."

ಅವನು ಉಸಿರು ಬಿಟ್ಟು ಗಾಡಿಗೆ ಒರಗಿದ. ಆಗ ನಾನು ಆಡಬೇಕಾದ ಮಾತು ಒಂದಿತ್ತು. ಅದು ನನ್ನ ಬಾಯಲ್ಲಿ ಬರಲಿಲ್ಲ. ಬಂದದ್ದು ಇದು: "ಡಾಕ್ಟ್ರಮ್ಮ ಏನಂದ್ರು ಗೊತ್ತಾ? ಮನಗಿಸ್ಕೊಂಡು ಬಂದಿದ್ಕೇ ಉಳೀತಂತೆ. ನಿನ್ ಕಾರಲ್ಲಿ ಬಂದಿದ್ರೆ ಓಗಿತ್ತು."

ಆ ತೂತನ್ನು ಕಣ್ಣಾರೆ ನೋಡಿದ ಮೇಲೆ ಆಡಿದ ಮಾತು ಇದು. ನನಗೆ ಆಗ ಗೆಲ್ಲಬೇಕಿತ್ತು.

"ಅಂಗಾರೆ ನೀನೇ ಗೆದ್ದೆ ಬುಡಕ್ಕ" ಅಂದ. ವ್ಯಂಗ್ಯವಾಗಿ ಅನ್ನಲಿಲ್ಲ. ನಿಜವಾಗಿಯೇ ಅಂದ. ಅದೇ ಇವತ್ತಿಗೂ ಚುಚ್ಚುವುದು.

ಊರಿಗೆ ಬಂದ ಮೇಲೆ ಸೆಕ್ರೆಟರಿಗೆ, ಲಾರಿಯ ಚಕ್ರದಿಂದ ಕಲ್ಲು ಸಿಡಿದು ಗಾಜು ಒಡೆಯಿತು ಅಂದನಂತೆ. ಸೀಟನ್ನು ಕೆ.ಆರ್. ಪೇಟೆಗೆ ಒಯ್ದು ತಾನೇ ಹೊಲಿಸಿಕೊಟ್ಟ. ಮಗಳಿಗೆ ನೋವಿನಲ್ಲಿ ಏನೂ ಗೊತ್ತಾಗಿರಲಿಲ್ಲ. ನರ್ಸಮ್ಮನಿಗೆ ಬೇರೆ ಕಡೆಗೆ ವರ್ಗವಾಯಿತು. ಕೇಳಿದವರಿಗೆಲ್ಲ ಅವನು, "ಅಕ್ಕ ಅಟ ಮಾಡಿ ವ್ಯಾನು ತರ್ಸಿದ್ಕೆ ಆಯ್ತು, ನಾನಾಗಿದ್ರೆ ಕೆಡುಸ್ತಿದ್ದೆ" ಅನ್ನುತ್ತಿದ್ದ. ಜನ ನನ್ನನ್ನು ಬುದ್ಧಿವಂತೆ ಅಂದರು. ನಾನು ಅನ್ನಿಸಿಕೊಂಡೆ.

ಅವನು ಮತ್ತೆ ವ್ಯಾನು ಮುಟ್ಟಲಿಲ್ಲ. ಅದರ ಮೇಲೆ ತಮಾಷೆ ಮಾಡುವುದನ್ನೂ ಬಿಟ್ಟ. ಬೇರೆ ಗಾಡಿಗಳ ಮೇಲೆ ನಾಲಿಗೆ ಮೊದಲಿನ ಹಾಗೇ ಇತ್ತು. ವ್ಯಾನು ಎದುರು ಬಂದರೆ ಮಾತ್ರ ತನ್ನ ಕಾರನ್ನು ಪಕ್ಕಕ್ಕೆ ತೆಗೆದು ದಾರಿ ಬಿಡುತ್ತಿದ್ದ. ಒಂದೆರಡು ಸಲ ನಾನಾಗಿಯೇ ಮಾತು ತೆಗೆಯಲು ಹೋದೆ. "ಅವತ್ತು ಆ ಸೀಟಲ್ಲಿ..." ಅನ್ನುವಷ್ಟರಲ್ಲಿ ಅವನು, "ಮೊಮ್ಮಗ್ಳು ಎಂಗವ್ಳೆ ಅಕ್ಕ?" ಅಂತ ಕೇಳಿಬಿಡುತ್ತಿದ್ದ. ಅವನು ಕೇಳಿದ್ದೇ ಸಾಕು ಅಂತ ನಾನೂ ಬಿಟ್ಟುಬಿಡುತ್ತಿದ್ದೆ. ಸುಳ್ಳು ಯಾಕೆ, ಹಾಯ್ ಅನ್ನಿಸುತ್ತಿತ್ತು.

ನಾಲ್ಕು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಾಲೆ ಹತ್ತಿರ ಕಾರು ತೊಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಎಬ್ಬಿಸಲು ಹೋದವರಿಗೆ ಅವನು ಜೀವಂತ ಸಿಗಲಿಲ್ಲ. ಪಾಂಡವಪುರದ ಗಂಡನ ಮನೆಯಿಂದ ಮಗಳು ಮಗುವನ್ನು ಕರೆದುಕೊಂಡು ಬಂದಳು. ಅವನನ್ನು ಜಗುಲಿಯ ಮೇಲೆ ಕೂರಿಸಿದ್ದರು. ನೆಂಟರೆಲ್ಲ ಸಾಲಾಗಿ ಬಂದು ಅವನ ಬಾಯಿಗೆ ಅಕ್ಕಿ ಕಾಳು ಹಾಕುತ್ತಿದ್ದರು. ಸಾಲು ಮುಗಿಯಿತು. ನಾನು ಮಗುವನ್ನು ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದೆ. ಅವನ ಕಡೆಯವರಲ್ಲೊಬ್ಬರು, "ಕೂಸ್ನ ಯಾಕವ್ವ, ಎದ್ರುಕೊಂಡಾತು" ಅಂದರು. ಅವನ ಹೆಂಡತಿ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಅವನು ಹೇಳಿದ್ದನೋ ಇಲ್ಲವೋ ನನಗೆ ತಿಳಿಯದು. "ಹಾಕ್ಲಿ ಬುಡಿ" ಅಂದಳು.

ಮಗುವಿನ ಅಂಗೈಗೆ ನಾಲ್ಕು ಕಾಳು ಕೊಟ್ಟೆ. ಅದು ನನ್ನ ಮುಖ ನೋಡಿತು.

"ಅಜ್ಜಿ, ಇವ್ರು ನಮ್ ತಾತ ಅಲ್ವಲ್ಲ. ನಾನ್ಯಾಕೆ ಹಾಕ್ಬೇಕು?"

"ಮೊದ್ಲು ಹಾಕು. ಆಮೇಲೆ ಏಳ್ತೀನಿ."

ಹಾಕಿತು. ಆಮೇಲೆ ನಾನು ಹೇಳಲಿಲ್ಲ. ಹೇಳಬೇಕಾದರೆ ಆಸ್ಪತ್ರೆ ಮುಂದೆ ನಾನು ಆಡಿದ ಮಾತನ್ನೂ ಹೇಳಬೇಕಾಗುತ್ತಿತ್ತು. ಈಗ ಎರಡನ್ನೂ ಬರೆದಿದ್ದೇನೆ. ಮೊಮ್ಮಗಳು ನನ್ನ ಹಾಗಲ್ಲ, ಓದಿದವಳು. ಓದಿಕೊಳ್ಳಲಿ.