ಚಮಚದಮ್ಮ ನುಂಗದ ಸಕ್ಕರೆ

ಚಮಚದಮ್ಮನನ್ನು ನಾನು ಮೊದಲು ಕಂಡ ದಿನ ಅವಳು ಒಂದು ಪಾತ್ರೆ ತುಂಬ ಕ್ರೀಮನ್ನು ಮೋರಿಗೆ ಸುರಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ನಾನು ಆ ಬೇಕರಿಯಲ್ಲಿ ಕೇಕು, ಬಿಸ್ಕತ್ತುಗಳನ್ನು ಡಬ್ಬಿಗೆ ತುಂಬುವ ಕೆಲಸಕ್ಕೆ ಸೇರಿದ ದಿನ ಅದು. ಬೆಣ್ಣೆ ಕಮಟಾಗಿದೆ ಎಂದು ಅವಳು, ತಮಗೇನೂ ಗೊತ್ತಾಗುತ್ತಿಲ್ಲ ಎಂದು ಸಾಹುಕಾರರು. ಅವರು ಹೊಟ್ಟೆ ಉರಿದುಕೊಂಡು ನಿಂತಿದ್ದರೂ ಪಾತ್ರೆ ಬರಿದಾಗುವವರೆಗೆ ಅವಳು ಕೈ ತಡೆಯಲಿಲ್ಲ.

ಉದ್ದ ಹಿಡಿಯ ಚಮಚವೊಂದು ಸದಾ ಅವಳ ಸೊಂಟದಲ್ಲಿ ಸಿಕ್ಕಿಕೊಂಡಿರುತ್ತಿತ್ತು. ಹೆಸರು ಬಂದದ್ದು ಅದರಿಂದಲೇ. ಕ್ರೀಮಾಗಲಿ, ಜಾಮಾಗಲಿ, ಸಕ್ಕರೆ ಪಾಕವಾಗಲಿ, ಅವಳ ನಾಲಿಗೆ ದಾಟದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಹಿಂದೆ ಅವಳ ಅಪ್ಪ ಅದೇ ಜಾಗದಲ್ಲಿ ನಿಂತು ಅದೇ ಕೆಲಸ ಮಾಡಿದವನು. ಸಕ್ಕರೆ ಕಾಯಿಲೆ ಮೊದಲು ಅವನ ಕಾಲ್ಬೆರಳು ತಿಂದಿತು, ಆಮೇಲೆ ಕಣ್ಣು.

ಒಂದು ಸಲ ಡಾಕ್ಟರಮ್ಮ ಅವಳ ರಕ್ತ ಪರೀಕ್ಷೆ ಮಾಡಿಸಿದರು. ಮೂರು ತಿಂಗಳ ಸಕ್ಕರೆ ಎಂದು ಒಂದು ಲೆಕ್ಕವಿದೆ. ಅದು ಆರೂವರೆ ಮುಟ್ಟಿದರೆ ಕಾಯಿಲೆ. ಅವಳದು ಆರು ಪಾಯಿಂಟ್ ಮೂರು. ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲವರೆಗೆ ಬಂದಿದೆ ಎಂದರಂತೆ.

"ಹೊಸ್ತಿಲಲ್ಲಿ ನಿಂತಿದ್ಯಂತೆ ಅಕ್ಕಾ," ಅಂದಳು ನನಗೆ. "ನಿಂತಿರ್ಲಿ. ಒಳಗೆ ಕರ್ಯೋರು ಯಾರು?"

ಅಂದಿನಿಂದ ಬಸ್ಸು ಬಿಟ್ಟು ನಡೆದೇ ಬಂದಳು. ಟೀಗೆ ಸಕ್ಕರೆ ನಿಂತಿತು. ಊಟದ ತಟ್ಟೆಯಲ್ಲಿ ಅರ್ಧ ಸೊಪ್ಪು, ತರಕಾರಿ. ಉಂಡ ಮೇಲೆ ನಾವು ಹಿಟ್ಟಿನ ಮೂಟೆಗೆ ಒರಗಿದರೆ ಅವಳು ಹಿತ್ತಲಲ್ಲಿ ಸುತ್ತು ಹಾಕುವಳು. ಹಿತ್ತಲು ಕಾಯೋಕೆ ಸಂಬಳ ಬೇರೆ ಕೊಡ್ತಾರಾ ಎಂದು ನಾವು ಚುಡಾಯಿಸಿದೆವು. ಬರಬರುತ್ತಾ ಸೊಂಟ ಸಣ್ಣಗಾಗಿ ಚಮಚ ಜಾರಿ ಬೀಳತೊಡಗಿತು.

ಮೂರು ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟಳು. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ಇಳಿದಿತ್ತು. ಮೂರು ತಿಂಗಳದ್ದು ಮಾತ್ರ ಇದ್ದಲ್ಲೇ ಇತ್ತು. ಯಂತ್ರ ಕೆಟ್ಟಿರಬೇಕು ಎಂದು ಇವಳು ಅಲ್ಲೇ ಜಗಳ ತೆಗೆದಳಂತೆ. ಬೆಳಗಿನ ರಕ್ತ ಬೆಳಗಿನ ಮಾತಷ್ಟೇ ಹೇಳುತ್ತದೆ, ಇದು ಮೂರು ತಿಂಗಳ ಚಾಡಿಯನ್ನೆಲ್ಲ ಹೇಳುತ್ತದೆ, ಎಲ್ಲಿಂದಲೋ ಸಿಹಿ ಹೊಟ್ಟೆಗೆ ಹೋಗುತ್ತಿದೆ ಎಂದು ಡಾಕ್ಟರಮ್ಮ ಗದರಿ ಕಳಿಸಿದ್ದರು.

ಇದನ್ನೆಲ್ಲ ನನಗೆ ಹೇಳುತ್ತಾ, ಸಿಹಿ ಅನ್ನೋದನ್ನ ಮುಟ್ಟಿಯೇ ಇಲ್ಲ ಎಂದು ಆಣೆ ಇಟ್ಟಳು. ಹೇಳುತ್ತಲೇ ಒಂದು ಚಮಚ ಚಾಕೊಲೇಟ್ ಕ್ರೀಮು ಬಾಯಿಗೆ ಹೋಯಿತು.

ಡಬ್ಬಿ ಕೆಳಗಿಟ್ಟು, "ಈಗ ಬಾಯಲ್ಲಿ ಏನಿದೆ?" ಎಂದೆ.

"ಇದಾ? ಇದು ರುಚಿ ನೋಡೋದು. ತಿನ್ನೋದಲ್ಲ."

ಆಡಿದ ಮಾತು ಅವಳ ಕಿವಿಗೇ ಬಿತ್ತು. ಬೇಕರಿಯವರೆಲ್ಲರ ನಂಬಿಕೆ ಅದು: ಕೂತು ಉಂಡರೆ ಊಟ, ನಿಂತು ನೆಕ್ಕಿದರೆ ಕೆಲಸ. ಅವಳ ಅಪ್ಪನೂ ಸಿಹಿ ಮುಟ್ಟಿಲ್ಲ ಎಂದು ಕಣ್ಣು ಹೋಗುವವರೆಗೂ ಆಣೆ ಇಡುತ್ತಿದ್ದನಂತೆ. ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೂ ಅನಿಸಿರಲಿಕ್ಕಿಲ್ಲ.

ಮಾರನೆಯ ದಿನ ಮುಚ್ಚಳವಿರುವ ಸ್ಟೀಲ್ ಚೊಂಬು ತಂದಳು. ನಾಲಿಗೆಗೆ ಹಚ್ಚುವುದು, ಚೊಂಬಿಗೆ ಉಗಿಯುವುದು, ಬಾಯಿ ಮುಕ್ಕಳಿಸಿ ಕೈ ತೊಳೆಯುವುದು. ಸಾಹುಕಾರರು ಕಂಡು ಕೆಂಡವಾದರು. ತಿನ್ನುವ ಪದಾರ್ಥದ ಎದುರು ಉಗಿಯುವುದನ್ನು ಗಿರಾಕಿ ನೋಡಿದರೆ ಅಂಗಡಿ ಮುಚ್ಚುತ್ತದೆ, ಅದೇ ಸಂಬಳಕ್ಕೆ ಡಬ್ಬಿ ತುಂಬಲು ಹೋಗು ಎಂದರು. ಅವರ ಮಾತೂ ತಪ್ಪಲ್ಲ. ಆದರೆ ಆ ಚಮಚ ಬಿಟ್ಟರೆ ಅವಳಿಗೆ ಅಪ್ಪನಿಂದ ಬಂದದ್ದು ಬೇರೇನೂ ಇರಲಿಲ್ಲ.

"ನುಂಗ್ತಾ ಹೋದ್ರೆ ನನ್ನ ಕಣ್ಣು ಮುಚ್ಚತ್ತೆ ಸಾಹುಕಾರ್ರೆ," ಅಂದಳು. "ಅಂಗಡಿ ಬೇಕಾದ್ರೆ ಇನ್ನೊಂದು ಇಡಬಹುದು. ನಾನು ಚಮಚಾನೂ ಬಿಡಲ್ಲ, ನುಂಗೋದೂ ಇಲ್ಲ."

ಅವರು ಚಮಚ ಕಿತ್ತುಕೊಂಡು ತಾವೇ ರುಚಿ ನೋಡಲು ನಿಂತರು. ಇವಳು ಡಬ್ಬಿಯ ಕಡೆ ಬರಲಿಲ್ಲ, ಮನೆಗೂ ಹೋಗಲಿಲ್ಲ. ಪಾತ್ರೆಯ ಪಕ್ಕ ಸ್ಟೂಲು ಹಾಕಿಕೊಂಡು, ಕೈ ಕಟ್ಟಿ, ಅವರು ನುಂಗುವುದನ್ನೇ ನೋಡುತ್ತಾ ಕೂತಳು. ಸರಿ ಇದೆಯಾ ಎಂದು ಅವರು ಕೇಳಿದರೆ, ನಿಮ್ಮ ನಾಲಿಗೆಯನ್ನೇ ಕೇಳಿ ಎನ್ನುವಳು. ಅವರಿಗೂ ವಯಸ್ಸಾಗುತ್ತಿತ್ತು, ಅವರಿಗೂ ಅದೇ ಡಾಕ್ಟರಮ್ಮ. ವಾರ ತುಂಬುವಷ್ಟರಲ್ಲಿ ಹಲ್ಲು ಜುಮ್ಮೆಂದು, ಬಾಯಿ ಅಂಟಂಟಾಗಿ, ಚಮಚವನ್ನು ಅವಳ ಮಡಿಲಿಗೆ ಹಾಕಿದರು. ಚೊಂಬು ಮಾತ್ರ ಹಿಂದಿನ ಬಚ್ಚಲಲ್ಲಿರಬೇಕು, ಉಗಿಯಲು ಪ್ರತಿ ಸಲ ಅಲ್ಲಿಗೇ ಹೋಗಬೇಕು ಎಂದರು. ಆಗಲಿ, ನಡಿಗೆ ಸಾಲದು ಅಂತ ಡಾಕ್ಟರಮ್ಮನೂ ಹೇಳಿದ್ದಾರೆ ಎಂದು ಇವಳು ನಕ್ಕಳು.

ಮುಂದಿನ ಪರೀಕ್ಷೆಗೆ ಐದು ಪಾಯಿಂಟ್ ಎಂಟು. ಅದರ ಮುಂದಿನದಕ್ಕೆ ಐದೂವರೆ. ಕೈ ಬಿಟ್ಟರೆ ಮತ್ತೆ ಏರುತ್ತದೆ ಎಂದರು ಡಾಕ್ಟರಮ್ಮ. ಅವಳು ಬಿಡಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಅವಳು ತಂಗಿಯ ಊರಿನಲ್ಲಿ ತನ್ನದೇ ಬೇಕರಿ ಇಡಲು ಹೊರಟಳು. ತನ್ನ ಜಾಗಕ್ಕೆ ನನ್ನನ್ನೇ ನಿಲ್ಲಿಸಿ ಎಂದು ಸಾಹುಕಾರರಿಗೆ ಹೇಳಿ ಒಪ್ಪಿಸಿದ್ದಳು. ಹೊರಡುವ ದಿನ ನನ್ನನ್ನು ಪಾತ್ರೆಯ ಹತ್ತಿರ ಕರೆದು, ಒಂದು ಚಮಚ ಕ್ರೀಮು ತೆಗೆದು ನನ್ನ ಬಾಯಿಗಿಟ್ಟಳು. ಬೆಣ್ಣೆ ಹೊಸದು, ಸಕ್ಕರೆ ಹದವಾಗಿತ್ತು. ಹಾಗಂತ ಹೇಳಲು ಬಾಯಿ ಖಾಲಿ ಇರಲಿಲ್ಲ. ಅವಳು ಬಚ್ಚಲ ಬಾಗಿಲಿಗೆ ಅಡ್ಡ ನಿಂತು, ಕೈ ಕಟ್ಟಿ, ನನ್ನ ಗಂಟಲನ್ನೇ ನೋಡುತ್ತಾ ಕೇಳಿದಳು:

"ಈಗ ಹೇಳಿ ಅಕ್ಕಾ, ಇದು ರುಚಿ ನೋಡಿದ್ದಾ, ತಿಂದಿದ್ದಾ?"