ನಡೆದಾಡುತ್ತ ಕಲಿತ ಮಗ್ಗಿ

ಮಗಳು ಎರಡನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಬೆಂಚಿನ ಮೇಲೆ ಕೂರುವುದಿಲ್ಲ, ಬರೆಯುತ್ತಿದ್ದವಳು ಅರ್ಧಕ್ಕೇ ಎದ್ದು ಕಿಟಕಿಗೆ ಹೋಗುತ್ತಾಳೆ, ಪಕ್ಕದವಳ ಪೆನ್ಸಿಲ್ ಚೂಪು ಮಾಡಿಕೊಟ್ಟು ತನ್ನದನ್ನು ಎಲ್ಲೋ ಕಳೆಯುತ್ತಾಳೆ. ಬೆಂಗಳೂರಿನ ಡಾಕ್ಟರು ಹಲವು ಸಲ ನೋಡಿ, ಇದು ತುಂಟತನವಲ್ಲ, ಗಮನವನ್ನು ಒಂದೇ ಕಡೆ ನಿಲ್ಲಿಸುವುದು ಈ ಮಗುವಿಗೆ ನಿಜಕ್ಕೂ ಕಷ್ಟ ಎಂದು ಬಿಡಿಸಿ ಹೇಳಿದರು. ಆ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ, ಸದ್ಯಕ್ಕೆ ಅವಳನ್ನು ಮನೆಯಲ್ಲೇ ಓದಿಸುವುದೆಂದು ನಾನೂ ನನ್ನ ಗಂಡನೂ ತೀರ್ಮಾನಿಸಿದೆವು. ಅವರಿಗೆ ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಕೆಲಸ. ನಾನು ಮದುವೆಗೆ ಮುಂಚೆ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದವಳು. ಆ ಧೈರ್ಯವೇ ನನ್ನ ಬಂಡವಾಳ.

ತೂಬಗೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಹೊಲಕ್ಕೆ ಅಂಟಿಕೊಂಡಂತೆ ನಮ್ಮ ಮನೆ. ನಡುಮನೆಯ ಮೂಲೆಯಲ್ಲಿ ಪುಟ್ಟ ಮೇಜು, ಕುರ್ಚಿ, ಗೋಡೆಗೊಂದು ಬೋರ್ಡು, ಅದರ ಪಕ್ಕ ಬಣ್ಣದ ಪೆನ್ನಿನಲ್ಲಿ ಬರೆದ ವೇಳಾಪಟ್ಟಿ. ಮೊದಲ ದಿನ ಬೆಳಿಗ್ಗೆ ನಾನು ಒಲೆ ಆರಿಸಿ ಬರುವಷ್ಟರಲ್ಲಿ ಕುರ್ಚಿ ಮಾಯ. ಹಿತ್ತಲಿಗೆ ಹೋಗಿ ನೋಡಿದರೆ ಅದು ಸೀಬೆ ಮರದ ಬುಡದಲ್ಲಿತ್ತು, ಮಗಳು ಕೊಂಬೆಯ ಮೇಲಿದ್ದಳು. ಇಳಿಸುವುದಕ್ಕೆ ಹೋದರೆ ಆ ದಿನವೆಲ್ಲ ಅಳುವಿನಲ್ಲೇ ಮುಗಿಯುತ್ತದೆಂದು ಗೊತ್ತಿದ್ದರಿಂದ, ಕೆಳಗೆ ನಿಂತೇ ಪದಗಳನ್ನು ಕೇಳತೊಡಗಿದೆ. ಅವಳು ಮೇಲಿಂದ ಕಾಗುಣಿತ ಬಿಡಿಸಿ ಹೇಳಿದಳು. ಡೇರಿಗೆ ಹಾಲು ಹಾಕಿ ಬರುತ್ತಿದ್ದ ಪಕ್ಕದ ಮನೆಯಾಕೆ ಬೇಲಿಯಾಚೆ ನಿಂತು, ಮರಕ್ಕೆ ಯಾವ ಕ್ಲಾಸು ಎಂದು ಕೇಳಿ ನಕ್ಕು ಹೋದಳು.

ಆಮೇಲೆ ನಮ್ಮ ಪಾಠಗಳು ಮೇಜಿನಿಂದ ಒಂದೊಂದಾಗಿ ಎದ್ದು ಹೊರಗೆ ಬಂದವು. ಓದುವುದು ಉಯ್ಯಾಲೆಯ ಮೇಲೆ. ಕೂಡುವುದು, ಕಳೆಯುವುದು ಅವರೆಕಾಯಿ ಬಿಡಿಸುವಾಗ. ಮಗ್ಗಿ ಮಾತ್ರ ಎಲ್ಲಿಯೂ ತಲೆಗೆ ಹತ್ತಲಿಲ್ಲ. ಒಂದು ಸಂಜೆ ಹುಲ್ಲು ತರಲು ಬದುವಿನ ಮೇಲೆ ಹೋಗುವಾಗ ನಾನು ಸುಮ್ಮನೆ ಏಳರ ಮಗ್ಗಿ ಹೇಳಿಕೊಳ್ಳುತ್ತ ನಡೆದೆ. ಹಿಂದಿನಿಂದ ಅವಳ ದನಿ ಹೆಜ್ಜೆಗೆ ಸರಿಯಾಗಿ ಸೇರಿಕೊಂಡಿತು. ಮನೆಗೆ ವಾಪಸು ಬರುವಾಗ ಅವಳು ಮುಂದೆ, ನಾನು ಹುಲ್ಲಿನ ಹೊರೆ ಹೊತ್ತು ಹಿಂದೆ. ಮಗ್ಗಿ ಹೇಳುತ್ತಿದ್ದವಳು ಅವಳು.

ಇದನ್ನು ಒಪ್ಪದಿದ್ದವರು ನನ್ನ ಮಾವನವರ ಅಣ್ಣ. ರಿಟೈರಾದ ಹೆಡ್ಮಾಸ್ಟರು, ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಒಂದು ಭಾನುವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಜಗಲಿಯ ಮೇಲೆ ಕೂತು ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡರು. ಕೈ ಕಟ್ಟಿ ನಿಂತು ಏಳರ ಮಗ್ಗಿ ಹೇಳು ಎಂದರು. ಅವಳು ಏಳೆರಡ್ಲ ಹದಿನಾಲ್ಕು ಎಂದಳು, ಅವರ ಕನ್ನಡಕದ ದಾರ ನೋಡಿದಳು, ಸೂರಿನಲ್ಲಿದ್ದ ಗುಬ್ಬಿ ನೋಡಿದಳು, ಅಲ್ಲಿಗೆ ಮಗ್ಗಿ ನಿಂತಿತು. ದೊಡ್ಡಮಾವ ನನ್ನ ಕಡೆ ತಿರುಗಿ, "ಇಷ್ಟೇನಮ್ಮ ನೀನು ಕಲಿಸಿರೋದು?" ಎಂದರು.

ಅಷ್ಟರಲ್ಲಿ ಮಗಳು ಅವರ ಬೆರಳು ಹಿಡಿದು ಎಬ್ಬಿಸಿದಳು. "ನಿಂತ್ಕೊಂಡ್ರೆ ತಲೇಲಿರೋದೆಲ್ಲ ಕಾಲಿಗೆ ಇಳಿದ್ಬಿಡ್ತದೆ ತಾತ. ನಡೀತಾ ಹೇಳ್ತೀನಿ, ಬಾ."

ಅವರು ಅವಳ ಹಿಂದೆ ಹೊರಟರು. ಅಂಗಳದ ತುಳಸಿಕಟ್ಟೆ ಸುತ್ತಿ, ದನದ ಕೊಟ್ಟಿಗೆ ದಾಟಿ, ಮತ್ತೆ ಅಂಗಳಕ್ಕೆ. ಏಳು ಮುಗಿಯಿತು, ಎಂಟು ಮುಗಿಯಿತು. ಒಂಬತ್ತಕ್ಕೆ ಬಂದಾಗ ದೊಡ್ಡಮಾವನಿಗೂ ಹುರುಪು ಬಂದು, ನಡುನಡುವೆ ಅಡ್ಡಪ್ರಶ್ನೆ ಹಾಕತೊಡಗಿದರು. ಅವಳು ಒಂದು ಕಾಲಲ್ಲಿ ಕುಂಟುತ್ತ ಉತ್ತರ ಹೇಳಿದಳು. ಒಂದೆರಡು ತಪ್ಪಿದವು, ಸುತ್ತಿ ಬಂದು ತಾನೇ ತಿದ್ದಿಕೊಂಡಳು. ಕೊನೆಗೆ ಅವರು ಬೆವರೊರೆಸಿಕೊಂಡು ಜಗಲಿಯಲ್ಲಿ ಕುಸಿದು ಕೂತು, ಕಾಫಿ ಮಾಡು ಎಂದರು. ನಾನು ಲೋಟ ಕೊಡುವಾಗ ಮೆಲ್ಲಗೆ, "ನನ್ನ ಕ್ಲಾಸಲ್ಲೂ ಇಂಥವು ಇದ್ವು ಕಣಮ್ಮ. ಕೂರ್ಸಿ ಕೂರ್ಸಿ ನಾನೇ ಸುಸ್ತಾಗ್ತಿದ್ದೆ," ಎಂದರು.

ಮುಂದಿನ ಭಾನುವಾರ ಅವರು ಇಸ್ತ್ರಿ ಅಂಗಿ ಬಿಟ್ಟು ಟೀ ಶರ್ಟು, ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು. ಅಂದಿನಿಂದ ಭಾಗಾಕಾರವೆಲ್ಲ ಅವರದೇ. ತಾತ ಮೊಮ್ಮಗಳು ಕೆರೆ ಏರಿಯವರೆಗೆ ಹೋಗಿ ಬರುತ್ತಾರೆ. ಹೋಗುವಾಗ ಲೆಕ್ಕ, ಬರುವಾಗ ಹಾಡು. ದೊಡ್ಡಮಾವನ ಸಕ್ಕರೆ ಕಾಯಿಲೆಯೂ ಹತೋಟಿಗೆ ಬಂತೆಂದು ದೊಡ್ಡತ್ತೆ ನನಗೆ ಫೋನು ಮಾಡಿ ಹೇಳಿದರು.

ಬರೆಯುವುದು ಅವಳಿಗೆ ಈಗಲೂ ಬೇಸರದ ಕೆಲಸ. ಅಕ್ಷರಗಳು ಗೆರೆ ಬಿಟ್ಟು ಇಳಿಯುತ್ತವೆ, ವಾಕ್ಯ ಮುಗಿಯುವ ಮುಂಚೆ ಅವಳು ಹಿತ್ತಲಲ್ಲಿರುತ್ತಾಳೆ. ಕೆಲವು ದಿನ ನಾನು ರೇಗುತ್ತೇನೆ, ಅವಳೂ ರೇಗುತ್ತಾಳೆ, ಇಬ್ಬರೂ ಮಜ್ಜಿಗೆ ಕುಡಿದು ಸಮಾಧಾನವಾಗುತ್ತೇವೆ. ಮೊನ್ನೆ ಸಂತೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ದಾರಿಯ ಬೋರ್ಡುಗಳನ್ನೆಲ್ಲ ಒಂದೂ ಬಿಡದೆ ಗಟ್ಟಿಯಾಗಿ ಓದಿದಳು, ಟೈಲರ್ ಅಂಗಡಿಯಿಂದ ಹಿಡಿದು ಪಂಚಾಯಿತಿ ಆಫೀಸಿನವರೆಗೆ. ಮುಂದಿನ ಸೀಟಿನವರು ತಿರುಗಿ, ಪಾಪು ಯಾವ ಸ್ಕೂಲು ಎಂದು ಕೇಳಿದರು. ಅವಳು ಮುಂದಿನ ಬೋರ್ಡು ತಪ್ಪೀತೆಂದು ಅವರ ಕಡೆ ತಿರುಗಲೇ ಇಲ್ಲ. ಮನೇಲೇ ಓದ್ತಾಳೆ ಎಂದು ನಾನು ಹೇಳಿದೆ.